ಆಪತ್ತಿನ ಅಳತೆಯಿಂದ ಪಾಪವನ್ನು ಅಳೆಯಬಹುದೆ?

ಶ್ರೀಗುರುಸಾರ್ವಭೌಮರ ಆರಾಧನೆಯು ಶ್ರಾವಣ ಬಹುಳ ಪ್ರತಿಪದೆ, ದ್ವಿತೀಯಾ, ತೃತೀಯಾ ತಿಥಿಗಳಲ್ಲಿ ಜರಗುವುದು ಸರ್ವರಿಗೂ ವಿದಿತವಾದ ಸಂಗತಿ. ಅದು ಮಳೆಗಾಲದ ನಡುವಣ ಸಮಯ. ಮಠಮಂದಿರಗಳಲ್ಲಿ ಅಷ್ಟೋತ್ತರ, ಪ್ರವಚನ, ಅಲಂಕಾರಪಂಕ್ತಿಗಳು ನಡೆಯುತ್ತಿರುವ ಆ ದಿನಗಳಲ್ಲಿಯೇ ನಮ್ಮ ನಾಡಿನ ನದಿಗಳು ದಡ ಮೀರಿ ಹರಿಯುವುದೂ ಉಂಟು. 2019ರ ಆಗಸ್ಟ್ ತಿಂಗಳಿನ ಮೊದಲ ಭಾಗದಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಮೊದಲಾದ ಜಿಲ್ಲೆಗಳ ನೂರಾರು ಗ್ರಾಮಗಳನ್ನು ಆವರಿಸಿದವು. ಅದಾದ ಕೆಲವೇ ದಿನಗಳಲ್ಲಿ ಆರಾಧನೆ ಬಂದಿತು.

ಆ ವರ್ಷದ ಉತ್ತರಾರಾಧನೆಯ ಸಾಯಂಕಾಲ ನಾವು ಪ್ರವಚನವನ್ನು ಮುಗಿಸಿ, ನೆರೆಪೀಡಿತರಿಗಾಗಿ ಧಾನ್ಯವನ್ನೂ ವಸ್ತ್ರವನ್ನೂ ಸಂಗ್ರಹಿಸುವ ವಿಷಯವನ್ನು ಸಭೆಯ ಮುಂದಿಟ್ಟೆವು. ಹಲವರು ಕೂಡಲೆ ಒಪ್ಪಿದರು. ಆದರೆ ವಯಸ್ಸಿನಲ್ಲಿಯೂ ಆಚಾರದಲ್ಲಿಯೂ ಹಿರಿಯರಾದ ಗೃಹಸ್ಥರೊಬ್ಬರು, “ಕೊಡುವುದು ಸರಿ. ಆದರೂ ಇದೆಲ್ಲ ಅವರವರ ಕರ್ಮ ಸ್ವಾಮಿ. ಅಲ್ಲಿ ಪಾಪ ಹೆಚ್ಚಾಯಿತು, ನೀರು ಬಂತು. ನಮ್ಮಲ್ಲಿ ದೇವರ ದಯದಿಂದ ಏನೂ ಆಗಲಿಲ್ಲ” ಎಂದರು. ಸಭೆಯಲ್ಲಿ ಕೆಲವರು ತಲೆದೂಗಿದರು. ಕಂಬದ ಬಳಿ ಮಲಪ್ರಭೆಯ ದಂಡೆಯ ಊರಿನಿಂದ ಮಗಳ ಮನೆಗೆ ಬಂದು ಸೇರಿದ್ದ ವೃದ್ಧೆಯೊಬ್ಬರು ಕುಳಿತಿದ್ದರು. ಆ ಮಾತು ಅವರ ಕಿವಿಗೂ ಬಿದ್ದಿತು.

ತೀರ್ಥಪ್ರಸಾದವಾದ ಮೇಲೆ ಅವರು ನಮ್ಮೆದುರಿಗೆ ಬಂದು, “ಆಚಾರ್ರೆ, ಏಕಾದಶಿ ಒಂದೂ ಬಿಟ್ಟಿಲ್ರಿ. ದೇವರ ಪೆಟ್ಟಿಗಿ ಸೈತ ನೀರಾಗ ಹೋತು. ನಾ ಅಂಥಾದ್ದು ಏನು ಮಾಡಿದ್ದೆ, ನೀವರೆ ಹೇಳ್ರಿ” ಎಂದು ಕೇಳಿದರು. ಆಗ ನಮ್ಮ ಬಾಯಿಂದ ಉತ್ತರ ಬರಲಿಲ್ಲ. ಸಭೆಯಲ್ಲಿ ಆ ಮಾತು ಬಂದಾಗಲೇ ನಾವು ಅದನ್ನು ತಡೆಯಬೇಕಾಗಿತ್ತು. ಹಿರಿಯರ ಮುಂದೆ ಪ್ರತಿಯಾಡುವುದೇಕೆಂದು ಸುಮ್ಮನಿದ್ದೆವು. ಆ ಮೌನದ ಲಜ್ಜೆಯು ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಅಂದು ಹೇಳಬೇಕಾಗಿದ್ದುದನ್ನು ಈಗಲಾದರೂ ಸಜ್ಜನರ ಮುಂದೆ ನಿವೇದಿಸಬೇಕೆಂಬುದೇ ಈ ಲೇಖನದ ಉದ್ದೇಶ.

ಪ್ರಶ್ನೆಯನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ. ಪ್ರಕೃತಿಯ ವಿಕೋಪಗಳು ಎಲ್ಲ ಕಡೆಯೂ ಒಂದೇ ಸಮನಾಗಿ ಬರುವುದಿಲ್ಲ. ಒಂದು ಊರು ಮುಳುಗುತ್ತದೆ, ಎರಡು ಹರಿದಾರಿ ಆಚೆಯ ಊರು ಉಳಿಯುತ್ತದೆ. ಒಂದು ತಲೆಮಾರು ಸುಖವಾಗಿ ಬಾಳುತ್ತದೆ, ಮುಂದಿನ ತಲೆಮಾರು ಬರಗಾಲವನ್ನು ಕಾಣುತ್ತದೆ. ಒಮ್ಮೆ ಭೂಮಿ ನಡುಗಿದರೆ ಪಾತ್ರೆಗಳು ಅಲುಗುತ್ತವೆ, ಇನ್ನೊಮ್ಮೆ ನಡುಗಿದರೆ ಊರೇ ಮಣ್ಣುಪಾಲಾಗುತ್ತದೆ. ದೇಶದಲ್ಲಿ, ಕಾಲದಲ್ಲಿ, ಪರಿಮಾಣದಲ್ಲಿ ಹೀಗೆ ತೋರುವ ಈ ವೈಷಮ್ಯವು ಅಲ್ಲಲ್ಲಿಯ ಜನರ ಪಾಪಪುಣ್ಯಗಳ ಅಳತೆಗೋಲೆ? ಆಪತ್ತನ್ನು ಕಂಡು ಅದಕ್ಕೆ ಗುರಿಯಾದವರ ಪಾಪವನ್ನು ನಿರ್ಣಯಿಸಲು ನಮಗೆ ಅಧಿಕಾರವುಂಟೆ?

ನಮ್ಮ ಸಿದ್ಧಾಂತದಲ್ಲಿ ಜಗತ್ತು ಸತ್ಯ, ಪಂಚಭೇದವೂ ಸತ್ಯ. ಆ ಐದರಲ್ಲಿ ಜಡಕ್ಕೂ ಜಡಕ್ಕೂ ಇರುವ ಭೇದವು ಒಂದು. ಪ್ರವಚನಗಳಲ್ಲಿ ಜೀವೇಶ್ವರಭೇದವನ್ನು ಕುರಿತು ವಿಸ್ತಾರವಾಗಿ ಹೇಳುತ್ತೇವೆ. ಜಡಜಡಭೇದವನ್ನು ಮಡಕೆ ಬೇರೆ, ಬಟ್ಟೆ ಬೇರೆ ಎಂಬಷ್ಟಕ್ಕೆ ಮುಗಿಸಿಬಿಡುತ್ತೇವೆ. ಆದರೆ ಈ ಪ್ರಶ್ನೆಗೆ ಬಾಗಿಲು ತೆರೆಯುವುದು ಆ ಭೇದವೇ. ಒಂದು ಬಂಡೆ ಇನ್ನೊಂದು ಬಂಡೆಯಂತಿಲ್ಲ, ಒಂದು ನದಿಯ ಪಾತ್ರ ಇನ್ನೊಂದರಂತಿಲ್ಲ, ಒಂದು ಸಮುದ್ರದ ಶಾಖ ಇನ್ನೊಂದರಂತಿಲ್ಲ. ವಿಕೋಪಗಳ ವೈವಿಧ್ಯಕ್ಕೆ ಮೊದಲ ನೆಲೆ ಇದು.

ಮೊದಲು ದೇಶಭೇದವನ್ನು ನೋಡೋಣ. ಪಶ್ಚಿಮದ ಸಮುದ್ರದಿಂದ ಬರುವ ಮೋಡಗಳನ್ನು ಸಹ್ಯಾದ್ರಿಯು ತಡೆದು ನಿಲ್ಲಿಸುವುದರಿಂದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಅದೇ ಬೆಟ್ಟಸಾಲಿನ ಮರೆಯಲ್ಲಿರುವ ಚಳ್ಳಕೆರೆಯ ಸೀಮೆಗೆ 500 ಮಿಲಿಮೀಟರಿನ ಆಚೀಚೆ ದೊರೆತರೆ ಹೆಚ್ಚು. ಆಗುಂಬೆಯವರು ಪುಣ್ಯವಂತರು, ಚಳ್ಳಕೆರೆಯವರು ಪಾಪಿಗಳು ಎಂದು ಯಾರೂ ಹೇಳುವುದಿಲ್ಲ. ಬೆಟ್ಟವು ಅಲ್ಲಿದೆ, ಇಲ್ಲಿಲ್ಲ ಎನ್ನುತ್ತೇವೆ. ಚಂಡಮಾರುತಗಳು ಅರಬ್ಬೀ ಸಮುದ್ರಕ್ಕಿಂತ ಬಂಗಾಳ ಕೊಲ್ಲಿಯಲ್ಲಿ ಬಹುಪಾಲು ಹೆಚ್ಚಾಗಿ ಹುಟ್ಟುತ್ತ ಬಂದಿರುವುದಕ್ಕೂ, ಹಿಮಾಲಯದ ತಪ್ಪಲಿನಲ್ಲಿ ದಖನ್ ಪ್ರಸ್ಥಭೂಮಿಗಿಂತ ಹೆಚ್ಚು ಭೂಕಂಪಗಳಾಗುವುದಕ್ಕೂ ಇಂಥವೇ ಕಾರಣಗಳುಂಟು. ಭಾರತದ ಭೂಫಲಕವು ಉತ್ತರದ ಫಲಕವನ್ನು ಒತ್ತುತ್ತಲೇ ಇರುವ ಕಡೆ ಒತ್ತಡವು ಹೆಚ್ಚು. ಆದುದರಿಂದ ಕಂಪವೂ ಹೆಚ್ಚು.

ಇನ್ನು ಕಾಲಭೇದ ಮತ್ತು ಪರಿಮಾಣಭೇದ. ಇವೆರಡೂ ಒಂದರೊಡನೊಂದು ಹೆಣೆದುಕೊಂಡಿವೆ. ಸಣ್ಣ ವಿಕೋಪಗಳು ಪದೇ ಪದೇ ಬರುತ್ತವೆ, ದೊಡ್ಡವು ಅಪರೂಪವಾಗಿ ಬರುತ್ತವೆ. ಭೂಕಂಪದ ಪರಿಮಾಣವು ಒಂದು ಅಂಕದಷ್ಟು ಏರಿದರೆ ಅದರಿಂದ ಬಿಡುಗಡೆಯಾಗುವ ಶಕ್ತಿಯು ಸುಮಾರು 32 ಪಟ್ಟು ಹೆಚ್ಚುತ್ತದೆ. ಅಂಥ ಭೂಕಂಪಗಳ ಸಂಖ್ಯೆಯು ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನೆರೆಯ ವಿಷಯದಲ್ಲಿ ‘ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ’ ಎಂಬ ಮಾತನ್ನು ಕೇಳುತ್ತೇವೆ. ಒಮ್ಮೆ ಬಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದು ಅನೇಕರು ತಿಳಿದುಕೊಂಡಿದ್ದಾರೆ. ಪ್ರತಿಯೊಂದು ವರ್ಷದಲ್ಲಿಯೂ ಅಂಥ ಪ್ರವಾಹ ಬರುವ ಸಂಭವವು ನೂರರಲ್ಲಿ ಒಂದು ಎಂಬುದಷ್ಟೇ ಅದರ ಅರ್ಥ. ಹೋದ ವರ್ಷ ಬಂದುದು ಈ ವರ್ಷವೂ ಬರಬಹುದು. ಅಂಥ ದಂಡೆಯಲ್ಲಿ 30 ವರ್ಷ ಮನೆ ಮಾಡಿಕೊಂಡಿದ್ದವನು ತನ್ನ ಕಾಲದಲ್ಲಿ ಅದನ್ನು ಒಮ್ಮೆಯಾದರೂ ಕಾಣುವ ಸಂಭವವು ಸುಮಾರು ನಾಲ್ಕರಲ್ಲಿ ಒಂದು. ನದಿಯು ಅವನ ಮನೆಯೊಳಕ್ಕೆ ಬಂದುದು ವಿಶೇಷ ಶಿಕ್ಷೆಯಂತೆ ತೋರಿದರೂ, ಲೆಕ್ಕವನ್ನು ನೋಡಿದರೆ ಆ ದಂಡೆಯಲ್ಲಿ ಬಾಳುವ ನಾಲ್ಕು ಮನೆತನಗಳಲ್ಲಿ ಒಂದಕ್ಕಾದರೂ ಬರಬಹುದಾಗಿದ್ದುದೇ ಬಂದಿದೆ.

ಇಷ್ಟಕ್ಕೆ ಒಬ್ಬ ಆಸ್ತಿಕನು ಆಕ್ಷೇಪವೆತ್ತಬಹುದು: “ಬಂಡೆ, ಮೋಡ, ಶಾಖ ಎಂದು ಹೇಳುತ್ತ ಹೋದರೆ ಶ್ರೀಹರಿಯ ಕರ್ತೃತ್ವವೆಲ್ಲಿ ಉಳಿಯಿತು?” ಉಳಿದಿದೆ, ಕಿಂಚಿತ್ತೂ ಕುಂದಿಲ್ಲ. ಜಡವು ತಾನಾಗಿ ಏನನ್ನೂ ಮಾಡಲಾರದು. ಅದರ ಸತ್ತೆ, ಅದರ ಪ್ರವೃತ್ತಿ, ಅದರ ನಿಯಮ ಎಲ್ಲವೂ ಸ್ವತಂತ್ರನಾದ ಅವನ ಅಧೀನ. ಬೀಜದಿಂದಲೇ ಮರವಾಗಬೇಕೆಂದು ನಿಯಮಿಸಿದವನು ಅವನೇ ಆಗಿರುವಾಗ, ಬೀಜವನ್ನು ಹೇಳಿದೊಡನೆ ಅವನನ್ನು ನಿರಾಕರಿಸಿದಂತಾಗುವುದಿಲ್ಲ. ವಿಕೋಪಗಳಿಗೆ ನಿಯತವಾದ ಕಾರಣಗಳಿವೆಯೆಂದರೆ ಅವನ ಆಳ್ವಿಕೆಯು ಅರಾಜಕವಲ್ಲವೆಂದೇ ಅರ್ಥ.

ಈಗ ಹಿರಿಯರ ಮಾತನ್ನು ಕೆಲವು ನಿಜವಾದ ಘಟನೆಗಳಿಗೆ ಒಡ್ಡಿ ನೋಡೋಣ.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಾಲ್ಕಕ್ಕೆ ಕೆಲವು ನಿಮಿಷಗಳಿರುವಾಗ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ಕಂಪಿಸಿತು. ನಮ್ಮ ಬೀದರ, ಕಲಬುರ್ಗಿಗಳಲ್ಲಿಯೂ ಜನರು ಎದ್ದು ಹೊರಗೆ ಓಡಿದರು. ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿಯನ್ನು ವಿಸರ್ಜಿಸಿ ಬಂದ ಜನರು ದಣಿದು ಮಲಗಿದ್ದರು. ಹತ್ತು ಸಾವಿರಕ್ಕೆ ಸಮೀಪವಾದಷ್ಟು ಮಂದಿ ಸತ್ತರು. ಆ ಭೂಕಂಪದ ಪರಿಮಾಣವು 6.2ರಷ್ಟು. 2001ರ ಜನವರಿ 26ರಂದು ಕಛ್ ಪ್ರದೇಶದಲ್ಲಿ ಸಂಭವಿಸಿದ ಭೂಕಂಪವು 7.7ರಷ್ಟಾಗಿದ್ದು, ಶಕ್ತಿಯಲ್ಲಿ ಕಿಲ್ಲಾರಿಯದಕ್ಕಿಂತ ನೂರು ಪಟ್ಟಿಗೂ ಮಿಕ್ಕಿದುದಾಗಿತ್ತು. ಆದರೂ ಕಿಲ್ಲಾರಿಯಲ್ಲಿ ಅಷ್ಟು ಸಾವಾದುದೇಕೆ? ಅಲ್ಲಿಯ ಮನೆಗಳು ಕಲ್ಲುಮಣ್ಣಿನ ದಪ್ಪ ಗೋಡೆಗಳವು. ಮೇಲೆ ಮರದ ತೊಲೆಗಳಿಗೆ ಹೇರಿದ ಭಾರವಾದ ಮಣ್ಣಿನ ಮಾಳಿಗೆ. ಬಿಸಿಲಿಗೆ ತಂಪಾಗಿರಲೆಂದು ಹಿರಿಯರು ಕಟ್ಟಿದ ಆ ಮನೆಗಳು ಮಲಗಿದ್ದವರ ಮೇಲೆಯೇ ಕುಸಿದವು. ಅದೇ ಊರುಗಳಲ್ಲಿ ಬಡವರ ಹುಲ್ಲಿನ ಗುಡಿಸಲುಗಳು ಬಹುಮಟ್ಟಿಗೆ ನಿಂತಿದ್ದವು. ಇಲ್ಲಿ ಪಾಪವನ್ನು ಅಳೆಯಹೊರಟವನು ಗೋಡೆಯ ದಪ್ಪವನ್ನು ಅಳೆದು ಬರುತ್ತಾನೆಯೇ ಹೊರತು ಬೇರೇನನ್ನೂ ಅಲ್ಲ. ಇನ್ನು, ಜನರೇ ಇಲ್ಲದ ಸಾಗರದ ನಡುವೆ ಇದಕ್ಕಿಂತ ಎಷ್ಟೋ ದೊಡ್ಡ ಕಂಪಗಳು ಆಗುತ್ತಲೇ ಇರುತ್ತವೆ. ಅಲ್ಲಿ ಯಾರ ಪಾಪ?

ಎರಡನೆಯ ಘಟನೆಯು ಒರಿಸ್ಸಾದ್ದು. ಅದರ ದಕ್ಷಿಣಭಾಗವು ಪ್ರಾಚೀನ ಕಳಿಂಗಕ್ಕೆ ಸೇರಿದ್ದು. ಶ್ರೀಮದಾಚಾರ್ಯರ ಸಾಕ್ಷಾಚ್ಛಿಷ್ಯರಾದ ಶ್ರೀನರಹರಿತೀರ್ಥರು ಕಳಿಂಗದಲ್ಲಿ ಇದ್ದುದಕ್ಕೆ ಶ್ರೀಕೂರ್ಮದ ಶಾಸನಗಳು ಸಾಕ್ಷಿಯಾಗಿವೆ. ಆದುದರಿಂದ ಆ ನಾಡು ನಮಗೆ ಪರಕೀಯವಲ್ಲ. 1999ರ ಅಕ್ಟೋಬರ್ 29ರಂದು ಆ ರಾಜ್ಯದ ಕರಾವಳಿಯನ್ನು ಅಪ್ಪಳಿಸಿದ ಮಹಾಚಂಡಮಾರುತದಲ್ಲಿ ಹತ್ತು ಸಾವಿರದ ಹತ್ತಿರ ಜನ ಮಡಿದರು. 2013ರ ಅಕ್ಟೋಬರ್ 12ರಂದು ಫೈಲಿನ್ ಎಂಬ ಮತ್ತೊಂದು ಅತಿ ತೀವ್ರ ಚಂಡಮಾರುತವು ಅದೇ ರಾಜ್ಯದ ಗೋಪಾಲಪುರದ ಬಳಿ ದಡವನ್ನು ಮುಟ್ಟಿತು. ಬಲದಲ್ಲಿ ಅದು ಸ್ವಲ್ಪ ಕಡಮೆಯದಾಗಿದ್ದುದು ನಿಜ. ಆದರೆ ಸತ್ತವರ ಸಂಖ್ಯೆಯು ಕೆಲವು ಹತ್ತುಗಳಲ್ಲಿಯೇ ನಿಂತಿತು. ಬಲದ ವ್ಯತ್ಯಾಸವೊಂದೇ ಅಷ್ಟು ಅಂತರಕ್ಕೆ ಕಾರಣವಾಗಲಾರದು. 2019ರ ಮೇ 3ರಂದು ಫೋನಿ ಎಂಬ ಚಂಡಮಾರುತವು ಶ್ರೀಜಗನ್ನಾಥನ ಪುರಿಕ್ಷೇತ್ರದ ಬಳಿಯಲ್ಲಿಯೇ ದಡವನ್ನು ಹೊಕ್ಕಿತು; ಆಗಲೂ ಆ ರಾಜ್ಯದಲ್ಲಿ ಸತ್ತವರು ಅರವತ್ತರ ಆಚೀಚೆ.

1999ರಲ್ಲಿ ಪಾಪಿಗಳಾಗಿದ್ದ ಆ ಕರಾವಳಿಯ ಜನರು ಹದಿನಾಲ್ಕು ವರ್ಷಗಳಲ್ಲಿ ಪುಣ್ಯವಂತರಾಗಿಬಿಟ್ಟರೆ? ಆಗಿದ್ದುದು ಇಷ್ಟು: ಮೊದಲ ಸಲದ ದುರಂತದಿಂದ ಪಾಠ ಕಲಿತು ಕಡಲಂಚಿನಲ್ಲಿ ಆಶ್ರಯಮಂದಿರಗಳನ್ನು ಕಟ್ಟಿದರು. ಮುನ್ಸೂಚನೆಯನ್ನು ಮನೆಮನೆಗೆ ಮುಟ್ಟಿಸುವ ಏರ್ಪಾಡಾಯಿತು. 2013ರಲ್ಲಿ ಸುಮಾರು ಹತ್ತು ಲಕ್ಷ ಜನರನ್ನೂ, 2019ರಲ್ಲಿ ಸುಮಾರು ಹನ್ನೆರಡು ಲಕ್ಷ ಜನರನ್ನೂ ಗಾಳಿ ಬರುವುದಕ್ಕೆ ಮೊದಲೇ ಸ್ಥಳಾಂತರಿಸಿದರು. ಮೊದಲ ಸಲ ಸತ್ತವರ ಸಾವಿಗೆ ಅವರ ಪಾಪವನ್ನು ಹೊಣೆಮಾಡಿ ಕೈಕಟ್ಟಿ ಕುಳಿತಿದ್ದರೆ, ಈ ಎರಡು ಸಲವೂ ಅಷ್ಟೇ ಹೆಣಗಳು ಬೀಳುತ್ತಿದ್ದವು. ಪಾಪದ ಲೆಕ್ಕ ಹಾಕುವವನಿಗೂ ಅಕ್ಕಿಯ ಮೂಟೆ ಹೊರುವವನಿಗೂ ಇರುವ ವ್ಯತ್ಯಾಸವು ಇಲ್ಲಿ ಸಾವಿರಾರು ಪ್ರಾಣಗಳಷ್ಟಿದೆ.

ಮೂರನೆಯ ಘಟನೆಯನ್ನು ಹೇಳುವಾಗ ನಮ್ಮ ಕಂಠ ಬಿಗಿಯುತ್ತದೆ. 2009ರಲ್ಲಿ ದೇಶದ ಮುಂಗಾರು ವಾಡಿಕೆಗಿಂತ ಶೇಕಡ 22ರಷ್ಟು ಕಡಮೆಯಾಗಿ ಬರಗಾಲದ ಭೀತಿ ಹಬ್ಬಿತ್ತು. ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಮಳೆನೆರಳಿನ ನಾಡೆಂದು ಹೆಸರಾದ ಉತ್ತರ ಕರ್ನಾಟಕದಲ್ಲಿಯೇ ಕೆಲವೇ ದಿನಗಳಲ್ಲಿ ಅಸಾಧಾರಣವಾದ ಮಳೆ ಸುರಿಯಿತು. ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಮಡಿದರು. ಅಕ್ಟೋಬರ್ ತಿಂಗಳ ಮೊದಲ ದಿನಗಳಲ್ಲಿ ತುಂಗಭದ್ರೆಯು ಉಕ್ಕಿ, ಮಂತ್ರಾಲಯದ ಶ್ರೀಮಠದ ಆವರಣವನ್ನೇ ಹೊಕ್ಕಿತು. ಯಾತ್ರಿಕರು ಮೇಲಂತಸ್ತುಗಳನ್ನೇರಿ ಪ್ರಾಣ ಉಳಿಸಿಕೊಂಡರು. ಬೇಡಿದವರಿಗೆ ಕಾಮಧೇನುವೆಂದು ನಾವು ನಿತ್ಯ ಸ್ಮರಿಸುವ ಗುರುಗಳ ಸನ್ನಿಧಾನವದು. ಆನೆಗೊಂದಿಯ ಬಳಿಯ ನವವೃಂದಾವನದ ನಡುಗಡ್ಡೆಯನ್ನೂ ನೋಡಿ. ಜಲಾಶಯದಿಂದ ಹೆಚ್ಚು ನೀರು ಬಿಟ್ಟ ವರ್ಷಗಳಲ್ಲಿ ಅಲ್ಲಿಗೆ ಹೋಗುವ ದಾರಿಯೇ ಮುಚ್ಚಿ, ಶ್ರೀವ್ಯಾಸರಾಜರೇ ಮೊದಲಾದ ಯತಿವರೇಣ್ಯರ ವೃಂದಾವನಗಳವರೆಗೂ ನದಿಯು ಏರಿ ಬರುತ್ತದೆ. ಎಲ್ಲಿ ನೀರು ನುಗ್ಗಿತೋ ಅಲ್ಲಿ ಪಾಪ ಹೆಚ್ಚು ಎಂಬ ಮಾತನ್ನು ಇಲ್ಲಿ ಆಡುವ ನಾಲಿಗೆಯುಂಟೆ? ಗುರುಗಳ ಸನ್ನಿಧಿಯ ವಿಷಯದಲ್ಲಿ ಆಡಲಾಗದ ಮಾತನ್ನು ಮಲಪ್ರಭೆಯ ದಂಡೆಯ ಮುದುಕಿಯ ವಿಷಯದಲ್ಲಿ ಆಡುವುದು ಯಾವ ನ್ಯಾಯ?

ಇದನ್ನೇ ಪ್ರಮಾಣಗಳ ದೃಷ್ಟಿಯಿಂದ ಪರೀಕ್ಷಿಸೋಣ. ಶ್ರೀಮದಾನಂದತೀರ್ಥ ಭಗವತ್ಪಾದಾಚಾರ್ಯರು ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರನ್ನು ಪ್ರಮಾಣಗಳೆಂದು ಅಂಗೀಕರಿಸಿದ್ದಾರೆ. ‘ಇಂಥ ಊರಿನವರ ಇಂಥ ಪಾಪದಿಂದ ಈ ನೆರೆ ಬಂದಿತು’ ಎಂಬ ಜ್ಞಾನವು ಈ ಮೂರರಲ್ಲಿ ಯಾವುದರಿಂದ ಹುಟ್ಟಿತು? ಪ್ರತ್ಯಕ್ಷದಿಂದಲ್ಲ, ಒಬ್ಬ ಜೀವನ ಪೂರ್ವಜನ್ಮದ ಕರ್ಮವು ಇನ್ನೊಬ್ಬನ ಇಂದ್ರಿಯಗಳಿಗೆ ಗೋಚರವಲ್ಲ. ಅನುಮಾನದಿಂದ ಎಂದರೆ, ನಿರ್ದೋಷವಾದ ವ್ಯಾಪ್ತಿ ಬೇಕು. ‘ಎಲ್ಲೆಲ್ಲಿ ಹೆಚ್ಚಿನ ಆಪತ್ತೋ ಅಲ್ಲಲ್ಲಿ ಹೆಚ್ಚಿನ ಪಾಪ’ ಎಂಬ ವ್ಯಾಪ್ತಿಗೆ ಮೇಲೆ ಹೇಳಿದ ಮೂರು ಘಟನೆಗಳಲ್ಲಿಯೂ ವ್ಯಭಿಚಾರ ಕಾಣುತ್ತದೆ. ಗೋಡೆಯ ದಪ್ಪ, ಮುನ್ಸೂಚನೆಯ ಅಭಾವ, ನದಿಯ ಸಾಮೀಪ್ಯ ಎಂಬ ಉಪಾಧಿಗಳು ಎದ್ದು ತೋರುತ್ತಿರುವಾಗ ಆ ಅನುಮಾನವು ನಿಲ್ಲುವುದಿಲ್ಲ.

ಉಳಿದುದು ಆಗಮ. ಜೀವರ ಸುಖದುಃಖಗಳಿಗೆ ಅವರ ಕರ್ಮವು ನಿಮಿತ್ತವೆಂದು ಆಗಮವು ನಿಶ್ಚಯವಾಗಿ ಹೇಳುತ್ತದೆ. ನಾವು ಅದನ್ನು ಶಿರಸಾವಹಿಸಿ ಒಪ್ಪುತ್ತೇವೆ. ಆದರೆ ಯಾವ ಕರ್ಮ, ಯಾವ ಜನ್ಮದ್ದು, ಎಷ್ಟು, ಈ ದುಃಖದಿಂದ ಅದು ಮುಗಿಯುತ್ತಿದೆಯೋ ಮೊದಲಾಗುತ್ತಿದೆಯೋ ಎಂಬುದನ್ನು ಯಾವ ಆಗಮವೂ ನಮಗೆ ಊರೂರಿನ ಹೆಸರು ಹಿಡಿದು ಹೇಳಿಲ್ಲ. ಅದು ಸರ್ವಜ್ಞನಾದ ಶ್ರೀಹರಿಗೆ ಮಾತ್ರ ತಿಳಿದ ವಿಷಯ. ಪ್ರಾರಬ್ಧದ ಕೊನೆಯ ಕಂತನ್ನು ತೀರಿಸಿ ಸದ್ಗತಿಗೆ ಹೊರಟ ಸಜ್ಜೀವನೊಬ್ಬನು ಆ ನೀರಿನಲ್ಲಿ ಇದ್ದಿರಬಹುದು. ದಡದ ಮೇಲೆ ಕ್ಷೇಮವಾಗಿ ನಿಂತು ಅವನ ಪಾಪವನ್ನು ಎಣಿಸುತ್ತಿದ್ದವನ ಸರದಿಯು ಇನ್ನೂ ಬರಬೇಕಾಗಿರಬಹುದು. ಸಾಮಾನ್ಯವಾಗಿ ಹೇಳಿದ ತತ್ತ್ವವನ್ನು ಪ್ರಮಾಣವಿಲ್ಲದೆ ವ್ಯಕ್ತಿವಿಶೇಷಕ್ಕೆ ಹಚ್ಚುವುದು ಶಾಸ್ತ್ರಭಕ್ತಿಯೆನಿಸಲಾರದು. ಅದು ಶಾಸ್ತ್ರದ ಹೆಸರಿನಲ್ಲಿ ನಮ್ಮ ಊಹೆಯನ್ನು ಮಾರುವುದಾಗುತ್ತದೆ.

ಬ್ರಹ್ಮಸೂತ್ರಗಳ ದ್ವಿತೀಯಾಧ್ಯಾಯದ ಮೊದಲ ಪಾದದಲ್ಲಿ ವೈಷಮ್ಯನೈರ್ಘೃಣ್ಯಗಳ ವಿಚಾರವು ಬರುತ್ತದೆ. ಒಬ್ಬನಿಗೆ ಸುಖ, ಒಬ್ಬನಿಗೆ ದುಃಖವನ್ನು ಕೊಡುವ ಭಗವಂತನಲ್ಲಿ ಪಕ್ಷಪಾತವೂ ನಿರ್ದಯತ್ವವೂ ಇದೆಯೆ ಎಂಬ ಆಕ್ಷೇಪಕ್ಕೆ, ಅವನು ಜೀವರ ಅನಾದಿಯಾದ ಕರ್ಮವನ್ನು ಅನುಸರಿಸಿ ಫಲವನ್ನೀಯುವುದರಿಂದ ಆ ದೋಷಗಳಿಲ್ಲವೆಂದು ಸಮಾಧಾನ. ಆ ಕರ್ಮವೂ ಅವನ ಅಧೀನವೇ ಆದುದರಿಂದ ಅವನ ಸ್ವಾತಂತ್ರ್ಯಕ್ಕೂ ಕುಂದಿಲ್ಲ. ಆ ಪ್ರಕರಣದ ತಾತ್ಪರ್ಯವನ್ನು ಚೆನ್ನಾಗಿ ಗಮನಿಸಬೇಕು. ಅದು ಹೊರಟಿರುವುದು ಭಗವಂತನು ನಿರ್ದೋಷನೆಂದು ಸಾಧಿಸುವುದಕ್ಕೆ. ನೊಂದ ಜೀವನ ಕಡೆಗೆ ಬೆರಳು ತೋರಿಸಲು ನಮಗೆ ಅದು ಕೊಟ್ಟ ಅಧಿಕಾರಪತ್ರವಲ್ಲ. ನಿರ್ದಯತ್ವವು ಭಗವಂತನಲ್ಲಿ ಇಲ್ಲವೆಂದು ಸಾಧಿಸುವ ಪ್ರಕರಣವನ್ನೇ ಹಿಡಿದು ನಾವು ನಿರ್ದಯರಾದರೆ, ಅದಕ್ಕಿಂತ ದೊಡ್ಡ ವಿಪರ್ಯಾಸವುಂಟೆ?

ಹಾಗಾದರೆ ಆಪತ್ಕಾಲದಲ್ಲಿ ಕರ್ಮಸಿದ್ಧಾಂತಕ್ಕೆ ಉಪಯೋಗವೇ ಇಲ್ಲವೆ? ಉಂಟು, ಆದರೆ ಅದು ಯಾರ ಬಾಯಲ್ಲಿರಬೇಕು ಎಂಬುದು ಮುಖ್ಯ. ಮನೆ ಕಳೆದುಕೊಂಡವನು ತಾನೇ, ‘ಇದು ನನ್ನ ಪ್ರಾರಬ್ಧ, ನನ್ನ ಸ್ವಾಮಿಯು ತಿಳಿಯದೆ ಏನನ್ನೂ ಮಾಡುವವನಲ್ಲ’ ಎಂದುಕೊಂಡರೆ ಅದು ಶರಣಾಗತಿ. ಅವನನ್ನು ಎದ್ದು ನಿಲ್ಲಿಸುವ ಊರುಗೋಲು. ಅದೇ ಮಾತನ್ನು ಒಣಗಿದ ಬಟ್ಟೆಯುಟ್ಟು ನಿಂತ ಇನ್ನೊಬ್ಬನು ಆಡಿದರೆ, ಆ ಊರುಗೋಲನ್ನೇ ಕಸಿದು ಅವನನ್ನು ಹೊಡೆದಂತೆ. ಔಷಧವನ್ನು ರೋಗಿಯು ಕುಡಿಯಬೇಕು. ನೆರೆಯವನು ಅವನ ಕಣ್ಣಿಗೆ ಎರಚಬಾರದು. ನಮ್ಮ ಪಾಲಿಗೆ ಕರ್ಮಸಿದ್ಧಾಂತದ ಉಪಯೋಗವು ಆತ್ಮಪರೀಕ್ಷೆಯಲ್ಲಿದೆ. ನೆರೆಯ ಸುದ್ದಿಯನ್ನು ಕೇಳಿದಾಗ, ‘ಅವರೇನು ಮಾಡಿದ್ದರು?’ ಎಂದು ಕೇಳಿಕೊಳ್ಳದೆ, ‘ಈಗ ನಾನೇನು ಮಾಡುತ್ತೇನೆ?’ ಎಂದು ಕೇಳಿಕೊಳ್ಳಬೇಕು. ನಮ್ಮ ಮುಂದಿನ ಕರ್ಮವು ಆ ಉತ್ತರದಲ್ಲಿ ಸಿದ್ಧವಾಗುತ್ತಿರುತ್ತದೆ.

ಪಾಪವನ್ನು ಹುಡುಕಲೇಬೇಕೆಂದು ಹಟವಿದ್ದವರಿಗೆ ಕಣ್ಣೆದುರಿಗೇ ಕೆಲವು ದೊರೆಯುತ್ತವೆ. ಕೆರೆಯನ್ನು ಮುಚ್ಚಿ ನಿವೇಶನ ಮಾಡುವುದು, ರಾಜಕಾಲುವೆಯ ಮೇಲೆ ಗೋಡೆ ಎಬ್ಬಿಸುವುದು, ಗುಡ್ಡದ ಬುಡವನ್ನು ಕಡಿದು ಹಾಗೆಯೇ ಬಿಡುವುದು ಇವೆಲ್ಲ ಈ ಜನ್ಮದ ಪಾಪಗಳೇ. ಆದರೆ ಇಲ್ಲಿಯೂ ಕೆರೆಯನ್ನು ಮುಚ್ಚಿದವನೊಬ್ಬ, ಮುಳುಗಿದವನು ಇನ್ನೊಬ್ಬ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬಡಾವಣೆಗಳಿಗೆ ನೀರು ನುಗ್ಗಿದಾಗ ಇದು ಎಲ್ಲರ ಅನುಭವಕ್ಕೂ ಬಂದಿತು.

ಇನ್ನೊಂದು ಸಂಶಯವನ್ನೂ ಪರಿಹರಿಸಬೇಕು. ಭಗವಂತನು ಕರ್ಮಾನುಸಾರವಾಗಿ ಕೊಟ್ಟ ದುಃಖವನ್ನು ನಾವು ತಗ್ಗಿಸಹೊರಟರೆ ಅವನ ಸಂಕಲ್ಪಕ್ಕೆ ಅಡ್ಡ ಬಂದಂತಾಗದೆ ಎಂದು ಕೆಲವರು ಅಂಜುತ್ತಾರೆ. ತಮ್ಮ ಮಗುವಿಗೆ ಜ್ವರ ಬಂದರೆ ಇವರಾರೂ ವೈದ್ಯನನ್ನು ಕರೆಯಲು ಅಂಜುವುದಿಲ್ಲ. ಅಸ್ವತಂತ್ರರಾದ ನಾವು ಅವನ ಸಂಕಲ್ಪಕ್ಕೆ ಅಡ್ಡ ಬರಲಾದರೂ ಸಾಧ್ಯವೆ? ಆಪತ್ತು ಹೇಗೆ ಅವನ ವ್ಯವಸ್ಥೆಯೋ, ಆ ಸುದ್ದಿಯು ನಮ್ಮ ಕಿವಿಗೆ ಬಿದ್ದುದೂ, ನಮ್ಮ ಕಣಜದಲ್ಲಿ ಎರಡು ಮೂಟೆ ಹೆಚ್ಚಿರುವುದೂ ಅವನ ವ್ಯವಸ್ಥೆಯೇ.

ಮಹಾಭಾರತದ ಮೌಸಲಪರ್ವದ ಕಥೆಯನ್ನು ಈ ಸಂದರ್ಭದಲ್ಲಿ ನೆನೆಯಬೇಕು. ದ್ವಾರಕೆಯು ಸಮುದ್ರದ ಪಾಲಾಗುವುದು ನಿಶ್ಚಿತವಾಗಿತ್ತು, ತಪ್ಪಿಸುವಂತಿರಲಿಲ್ಲ. ಆದರೂ ಅದು ಸ್ವಾಮಿಯ ಸಂಕಲ್ಪವೆಂದು ಹೇಳಿ ಸ್ತ್ರೀಯರನ್ನೂ ಬಾಲಕರನ್ನೂ ವೃದ್ಧರನ್ನೂ ಅಲ್ಲಿಯೇ ಬಿಡಲಿಲ್ಲ. ಸಮುದ್ರವು ಬರಲಿದೆಯೆಂಬ ಶ್ರೀಕೃಷ್ಣನ ಮಾತು ವಸುದೇವನ ಮೂಲಕ ಅರ್ಜುನನನ್ನು ಮುಟ್ಟಿತು. ಅವನು ಏಳು ದಿನಗಳ ಗಡುವಿನಲ್ಲಿ ಎಲ್ಲರನ್ನೂ ಹೊರಡಿಸಿದನು. ಅವರು ಬಿಟ್ಟುಹೋದಂತೆ ಹಿಂದೆಯೇ ನೀರು ನಗರವನ್ನು ನುಂಗುತ್ತ ಬಂದಿತು. ವಿಕೋಪವನ್ನು ತಪ್ಪಿಸಲಾಗದಿದ್ದಾಗಲೂ ಮುನ್ಸೂಚನೆಯನ್ನು ಕೊಟ್ಟು ಜನರನ್ನು ಸ್ಥಳಾಂತರಿಸುವುದು ಭಗವಂತನಿಗೇ ಸಮ್ಮತವಾದ ಕಾರ್ಯವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ? ಬರಗಾಲವನ್ನು ಎದುರಿಸಲು ಶ್ರೀವ್ಯಾಸರಾಜರಂಥ ಪರಮವಿರಕ್ತರು ವ್ಯಾಸಸಮುದ್ರವೆಂಬ ಕೆರೆಯನ್ನು ಕಟ್ಟಿಸಿದುದೂ ಇದೇ ಮಾರ್ಗ.

ಎಲ್ಲಕ್ಕಿಂತ ಮಿಗಿಲಾಗಿ, ಉಡುಪಿಯ ಶ್ರೀಕೃಷ್ಣನು ನಮಗೆ ದೊರೆತ ಬಗೆಯನ್ನು ಸ್ಮರಿಸೋಣ. ಮಲ್ಪೆಯ ಕಡಲಿನಲ್ಲಿ ಬಿರುಗಾಳಿಗೆ ಸಿಕ್ಕಿದ ಹಡಗೊಂದು ಅಪಾಯದಲ್ಲಿದ್ದಾಗ, ದಡದಲ್ಲಿದ್ದ ಶ್ರೀಮದಾಚಾರ್ಯರು ತಮ್ಮ ವಸ್ತ್ರವನ್ನು ಬೀಸಿ ಅದನ್ನು ಕಾಪಾಡಿದರೆಂದೂ, ಕೃತಜ್ಞನಾದ ನಾವಿಕನು ಏನು ಬೇಕಾದರೂ ಕೊಡುತ್ತೇನೆಂದಾಗ ಗೋಪೀಚಂದನದ ಗಡ್ಡೆಯನ್ನು ಮಾತ್ರ ಸ್ವೀಕರಿಸಿದರೆಂದೂ, ಅದರೊಳಗೆ ದ್ವಾರಕೆಯ ಶ್ರೀಕೃಷ್ಣನ ಪ್ರತಿಮೆಯಿತ್ತೆಂದೂ ಸಂಪ್ರದಾಯ. ಆ ಹಡಗಿನಲ್ಲಿದ್ದವರು ಯಾರು, ಯಾವ ಮತದವರು, ಯಾವ ಪಾಪದಿಂದ ಬಿರುಗಾಳಿಗೆ ಸಿಕ್ಕಿದರು ಎಂದು ಆಚಾರ್ಯರು ವಿಚಾರಿಸಿದರೆಂದು ಯಾವ ಸಂಪ್ರದಾಯವೂ ಹೇಳುವುದಿಲ್ಲ. ಸರ್ವಜ್ಞರಾದ ಅವರಿಗೆ ಅದು ತಿಳಿಯದ ವಿಷಯವಾಗಿರಲಿಲ್ಲ. ಆದರೂ ಮೊದಲು ವಸ್ತ್ರವನ್ನು ಬೀಸಿದರು. ಆಪತ್ತಿನಲ್ಲಿದ್ದ ಅಪರಿಚಿತರನ್ನು ಉಳಿಸಿದುದರ ಫಲವಾಗಿ ಒದಗಿದ ಸ್ವಾಮಿಯನ್ನು ನಾವು ಪೂಜಿಸುತ್ತಿದ್ದೇವೆ ಎಂಬುದನ್ನು ಮರೆಯಬಾರದು.

ಅಂದು ಆ ತಾಯಿಯವರಿಗೆ ನಾವು ಹೇಳಬೇಕಾಗಿದ್ದುದು ಇಷ್ಟೆ: “ಅಮ್ಮ, ನೀವೇನು ಮಾಡಿದ್ದಿರೆಂದು ನಮಗೆ ತಿಳಿಯದು, ತಿಳಿಯಿತೆಂದು ಹೇಳುವವರಿಗೂ ತಿಳಿಯದು. ನೀವು ಬಿಡದೆ ನಡೆಸಿದ ಏಕಾದಶಿಗಳನ್ನು ಬಲ್ಲವನು ಒಬ್ಬನಿದ್ದಾನೆ. ಅವನಲ್ಲಿ ಅವು ಯಾವುವೂ ನೀರುಪಾಲಾಗಿಲ್ಲ. ಪೆಟ್ಟಿಗೆಯನ್ನು ಹೊಳೆ ಒಯ್ದಿತು, ಆದರೆ ನಿಮ್ಮ ಹೃದಯದಲ್ಲಿರುವ ಬಿಂಬರೂಪಿಯನ್ನು ಒಯ್ಯಲು ಯಾವ ಹೊಳೆಗೂ ಸಾಮರ್ಥ್ಯವಿಲ್ಲ. ಸದ್ಯಕ್ಕೆ ನಿಮಗೊಂದು ಮನೆಯಾಗಬೇಕು, ಪೂಜೆಗೊಂದು ಸಾಲಿಗ್ರಾಮವಾಗಬೇಕು. ಅದು ನಮ್ಮ ಕೆಲಸ.” ಅವರು ಮರುದಿನವೇ ಹೊರಟುಹೋದುದರಿಂದ ಈ ಮಾತನ್ನು ಅವರ ಮುಂದೆ ಆಡುವ ಅವಕಾಶವು ನಮಗೆ ಮತ್ತೆ ದೊರೆಯಲಿಲ್ಲ.

ಆದುದರಿಂದ ಸಜ್ಜನರಲ್ಲಿ ನಮ್ಮ ವಿಜ್ಞಾಪನೆ. ಮಳೆಗಾಲದ ಆರಾಧನೆ, ಉತ್ಸವಗಳ ಸಂಭಾವನೆಯಲ್ಲಿ ಒಂದು ಪಾಲನ್ನು ಆಪನ್ನಿಧಿಯಾಗಿ ತೆಗೆದಿರಿಸೋಣ. ನಮ್ಮ ಮಂದಿರದ ಭೋಜನಶಾಲೆಯು ಅಗತ್ಯ ಬಿದ್ದಾಗ ಜಾತಿಮತಗಳ ವಿಚಾರವಿಲ್ಲದೆ ಆಶ್ರಯಸ್ಥಾನವಾಗುವಂತೆ ಮೊದಲೇ ಏರ್ಪಾಡು ಮಾಡಿಕೊಳ್ಳೋಣ. ನಮ್ಮ ಊರಿನ ಹಳ್ಳಕೊಳ್ಳಗಳು ಯಾವ ದಾರಿಯಲ್ಲಿ ಹರಿಯುತ್ತವೆ, ಹಿಂದೆ ಎಲ್ಲಿಯವರೆಗೆ ನೀರು ಬಂದಿತ್ತು ಎಂಬುದನ್ನು ಹಿರಿಯರಿಂದ ಕೇಳಿ ಮಕ್ಕಳಿಗೆ ತಿಳಿಸೋಣ. ಮತ್ತು ಆಪತ್ತಿಗೆ ಸಿಕ್ಕಿದವರ ಮುಂದೆ ‘ಕರ್ಮ’ ಎಂಬ ಶಬ್ದವು ನಮ್ಮ ನಾಲಿಗೆಗೆ ಬಂದಾಗ ಅದನ್ನು ತಡೆದು, ಆ ನಾಲಿಗೆಯಿಂದ ಒಂದು ಸಲ ನಾರಾಯಣಸ್ಮರಣೆಯನ್ನು ಮಾಡಿ, ಕೈಯಿಂದ ಕೆಲಸವನ್ನು ಪ್ರಾರಂಭಿಸೋಣ. ಶ್ರೀಹರಿವಾಯುಗುರುಗಳು ನಮಗೆ ಆ ಬುದ್ಧಿಯನ್ನು ಅನುಗ್ರಹಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥